ಗೊತ್ತಾಗದ ಕಾಗದ ಯಾರಿಗೆ

ಕಾಕೂ ನನಗಿಂತ ಚಿಕ್ಕವರಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಈಗಿನ ಹುಡುಗಿಯರೇ ಹಾಗೆ, ಮೊಬೈಲು ಹಿಡಿದುಕೊಂಡೇ ಬೆಳೆದವರು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವರಿಗೆ ಐವತ್ತೆರಡು, ನನಗೆ ಮೂವತ್ತಾರು. ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು ನಾನು. ಅವರು ಖಾನಾಪುರದ ಹೆಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಟೈಪ್ ಮಾಡಿಕೊಂಡಿದ್ದು, ಅದು ಮುಚ್ಚಿದ ಮೇಲೆ ಮೂರು ತಿಂಗಳ ಪರೀಕ್ಷೆಯ ಮೇಲೆ ನಮ್ಮಲ್ಲಿಗೆ ಬಂದವರು; ಚಿಕ್ಕಮ್ಮನ ವಯಸ್ಸೆಂದು ಎಲ್ಲರೂ ಕಾಕೂ ಎನ್ನುತ್ತಿದ್ದೆವು. ಕೆಲಸ ಹಿಡಿಸಿದರೆ ಕಾಯಂ, ಇಲ್ಲದಿದ್ದರೆ ಮನೆಗೆ ಎಂದು ಮಾಲಕರು ಮೊದಲೇ ಹೇಳಿದ್ದರು. ಅವರು ಮನೆಗೆ ಹೋಗಲಿ ಎಂಬುದು ನನ್ನ ಆಸೆ. ಸುಳ್ಳು ಯಾಕೆ ಹೇಳಲಿ, ಅದೊಂದೇ ಆಸೆಯಾಗಿತ್ತು.

ನಮ್ಮದು ಟಿಳಕವಾಡಿಯಲ್ಲಿ ಭಾಷಾಂತರದ ಒಂದು ಸಣ್ಣ ಕಚೇರಿ. ಮರಾಠಿ ಕಾಗದಪತ್ರ ಕನ್ನಡಕ್ಕೆ, ಕನ್ನಡದ್ದು ಮರಾಠಿಗೆ, ಬೇಕಾದರೆ ಎರಡೂ ಇಂಗ್ಲಿಷಿಗೆ. ಗಿರಾಕಿಗಳು ಕಾಗದ ಕಳಿಸುವ ರೀತಿ ನೋಡಿದರೆ ತಲೆ ಕೆಡುತ್ತದೆ. ಒಬ್ಬರು ಹಾಸಿಗೆಯ ಮೇಲಿಟ್ಟು ಓರೆಯಾಗಿ ಫೋಟೊ ಹೊಡೆದಿರುತ್ತಾರೆ, ಇನ್ನೊಬ್ಬರು ಪೆನ್‌ಡ್ರೈವ್ ತರುತ್ತಾರೆ, ಮತ್ತೊಬ್ಬರು ಒಂದೇ ಪುಟವನ್ನು ಐದು ಸಲ ಮೇಲ್ ಮಾಡುತ್ತಾರೆ. ಅವನ್ನೆಲ್ಲ ಒಂದು ಪಿಡಿಎಫ್ ಮಾಡಿ, ಯಾವ ಕಾಗದ ಯಾವ ಭಾಷಾಂತರಕಾರರಿಗೆ ಎಂದು ಹಂಚಿ, ಬೆನ್ನು ಹತ್ತಿ ಮುಗಿಸಿಕೊಳ್ಳುವುದು ಒಂಬತ್ತು ವರ್ಷದಿಂದ ನನ್ನ ಕೆಲಸ. ಅರ್ಧ ನನ್ನ ವಹಿ ಪುಸ್ತಕದಲ್ಲಿರುತ್ತಿತ್ತು, ಅರ್ಧ ನನ್ನ ತಲೆಯಲ್ಲಿ. ಫೋನು ಬಂದರೆ ಮೊದಲ ಮಾತೇ, "ಮೇಡಂ ಅದಾರೇನ್ರಿ?" ನಾನು ಒಂದು ದಿನ ರಜೆ ಹಾಕಿದರೆ ಮಾಲಕರು ಹಿಂದವಾಡಿಯ ನಮ್ಮ ಮನೆಗೆ ನಾಲ್ಕು ಸಲ ಫೋನು ಮಾಡುತ್ತಿದ್ದರು. ನಾನು ಗೊಣಗುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ.

ಬಂದ ಎರಡನೇ ತಿಂಗಳು ಕಾಕೂ ಪರದೆಯ ಮೇಲೆ ಕೆಲವು ಚೌಕ ಎಳೆದು ಗೆರೆಗಳಿಂದ ಜೋಡಿಸಿದರು. ಪ್ರೋಗ್ರಾಂ ಬರೆಯುವ ಗೋಜಿಲ್ಲದ ಆ್ಯಪ್ ಅದು. ಖಾನಾಪುರದ ಬಸ್ಸಿನಲ್ಲಿ ಹೋಗಿ ಬರುವಾಗ ವಿಡಿಯೊ ನೋಡಿ ಕಲಿತರಂತೆ. ಮೊದಲ ಚೌಕ, ಫೈಲು ಬಂದರೆ ಹಿಡಿ. ಎರಡನೆಯದು, ಅದನ್ನು ಪಿಡಿಎಫ್ ಮಾಡು. ಮೂರನೆಯದು, ಅಕ್ಷರ ನೋಡಿ ಯಾವ ಭಾಷೆ ಎಂದು ಗುರುತಿಸು. ನಾಲ್ಕನೆಯದು, ಕೆಲಸದ ಪಟ್ಟಿಯಲ್ಲಿ ಸರಿಯಾದವರ ಹೆಸರಿಗೆ ಕಾರ್ಡು ಹಾಕಿ ಅವರ ಮೊಬೈಲಿಗೆ ತಿಳಿಸು. ಅಷ್ಟೇ. ಮಾಲಕರು ಅವರ ಕುರ್ಚಿಯ ಹಿಂದೆ ನಿಂತು, "ಭಾರಿ ಆತಲ್ರಿ ಕಾಕೂ!" ಎಂದರು. ಒಂಬತ್ತು ವರ್ಷದಲ್ಲಿ ನನ್ನ ವಹಿ ನೋಡಿ ಯಾರೂ ಭಾರಿ ಅಂದವರಲ್ಲ.

ಕಾಕೂ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ತಂದು ಎಲ್ಲರಿಗೂ ಹಂಚಿದರು. ನನ್ನ ಪಾಲು ತಿಂದೆ. ಸಿಹಿಯಾಗಿದ್ದವು, ಅದಕ್ಕೂ ಸಿಟ್ಟು ಬಂತು.

ಚೌಕ ಜೋಡಿಸುವ ಮೊದಲು ಅವರು ನನ್ನ ಹತ್ತಿರವೇ ಬಂದು ಕೂತಿದ್ದರು. "ತಂಗೀ, ಯಾವ ಕಾಗದ ಯಾರಿಗೆ ಕೊಡತೀ, ಒಂದೊಂದ ಹೇಳು, ಬರಕೋತೇನಿ" ಎಂದು ಕೇಳಿದ್ದರು. ಹೇಳಿದೆ. ಒಂದನ್ನು ಬಿಟ್ಟು ಎಲ್ಲ ಹೇಳಿದೆ. ನಮ್ಮ ಕಡೆಯ ಹಳೆಯ ಜಮೀನಿನ ಕಾಗದಗಳು ಕೆಲವು ಮೋಡಿ ಲಿಪಿಯಲ್ಲಿರುತ್ತವೆ, ಹಿಂದಿನವರು ಮರಾಠಿಯನ್ನು ಕೈ ಎತ್ತದೆ ಬರೆಯುತ್ತಿದ್ದ ಲಿಪಿ. ಅದನ್ನು ಓದಬಲ್ಲವರು ನನಗೆ ಗೊತ್ತಿದ್ದಂತೆ ಒಬ್ಬರೇ, ಖಾನಾಪುರದ ಒಬ್ಬ ನಿವೃತ್ತ ಮಾಸ್ತರರು. ಅವರು ಮೊಬೈಲು ನೋಡುವವರಲ್ಲ. ಕಾಗದವನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಕೈಗೇ ಮುಟ್ಟಿಸಬೇಕು. ಇದನ್ನು ನಾನು ಬೇಕಂತಲೇ ಹೇಳಲಿಲ್ಲ. ಎಲ್ಲಾದರೂ ಒಮ್ಮೆ ಎಡವಲಿ ಎಂದು ಬಿಟ್ಟೆ.

ಅದೂ ಸಾಲದೆಂಬಂತೆ, ಅವರು ಮತ್ತೇನೋ ಕೇಳಲು ಬಂದಾಗ ಮುಖಕ್ಕೆ ಹೊಡೆದಂತೆ ಅಂದೆ. "ಎಲ್ಲಾದಕ್ಕೂ ನನ್ನ ಕೇಳಬ್ಯಾಡ್ರಿ ಕಾಕೂ. ನಿಮ್ಮ ಮಷೀನ್ ಐತೆಲ್ಲಾ, ಅದನ್ನ ಕೇಳ್ರಿ." ಅವರು ನಕ್ಕು, "ಆತ ಬಿಡು" ಎಂದು ಹೋದರು. ನನ್ನ ಮೊಬೈಲಿಗೂ ಆ ಕೆಲಸದ ಪಟ್ಟಿ ಹಾಕಿಕೊಟ್ಟಿದ್ದರು. ಮೊದಲ ಟಿಂಗ್ ಸದ್ದಿಗೇ ಅದರ ಬಾಯಿ ಮುಚ್ಚಿಸಿದೆ. ಆಮೇಲೆ ತೆರೆದು ನೋಡಲಿಲ್ಲ.

ಮೂರನೇ ತಿಂಗಳ ಕೊನೆಯಲ್ಲಿ ನಾನು ಕಾಯುತ್ತಿದ್ದದ್ದು ಬಂತು. ಖಾನಾಪುರದ ಕಡೆಯ ರೈತ ಮಹಿಳೆಯೊಬ್ಬರು ಬುಧವಾರ ನನಗೇ ಫೋನು ಮಾಡಿದರು. "ಮೇಡಂ, ನಮ್ಮಜ್ಜನ ಕಾಲದ ಮೋಡಿ ಕಾಗದ ನಿನ್ನೆ ಕಳಿಸೇನ್ರಿ. ಸೋಮವಾರ ಕೋರ್ಟಿನ್ಯಾಗ ತೋರಸಬೇಕು. ಆಗತೈತೇನ್ರಿ?" ಆಗುತ್ತದೆ, ಶನಿವಾರ ಬಂದು ಒಯ್ಯಿರಿ ಎಂದೆ. ಕಾಕೂ ಕಡೆ ತಿರುಗಿ ಒಂದು ಮಾತು ಹೇಳಬಹುದಿತ್ತು, ಮೂರು ಹೆಜ್ಜೆ ದೂರ. ಮಷೀನು ಅದನ್ನು ಯಾರೋ ಮೋಡಿ ಬಾರದವರ ಹೆಸರಿಗೆ ಹಾಕಿರುತ್ತದೆ, ಶನಿವಾರ ಬಣ್ಣ ಬಯಲಾಗುತ್ತದೆ ಎಂದುಕೊಂಡು ಸುಮ್ಮನೆ ಕೂತೆ. ಆ ಮೂರು ದಿನ ನನಗೆ ಊಟ ಚೆನ್ನಾಗಿ ಸೇರಿತು.

ಶನಿವಾರ ಮುಂಜಾನೆ ಆ ಮಹಿಳೆ ಬಂದು ನಿಂತರು. ಕಾಗದ ಆಗಿರಲಿಲ್ಲ. ಮಾಲಕರು ಎಲ್ಲರೆದುರೇ ದನಿ ಏರಿಸಿದರು. "ಏನ್ರೀ ಕಾಕೂ, ಎಲ್ಲಾ ತಾನ ನೋಡಕೋತೈತಿ ಅಂದಿದ್ರಿ. ಎಲ್ಲಿ ಐತಿ ಕಾಗದ?"

ಕಾಕೂ ಕಂಪ್ಯೂಟರಿನ ಮುಂದೆ ಕೂತು ಆ ಫೈಲು ಎಲ್ಲೆಲ್ಲಿ ಹಾದು ಹೋಗಿತ್ತು ಎಂದು ತೆರೆದರು. ನಾನೂ ಬಾಜು ನಿಂತು ನೋಡಿದೆ, ಅವರ ಮುಖ ಸಪ್ಪಗಾಗುವುದನ್ನು ಹತ್ತಿರದಿಂದ ನೋಡಲು. ಮಂಗಳವಾರ ಬಂದಿದೆ. ಪಿಡಿಎಫ್ ಆಗಿದೆ. ಅಕ್ಷರ ಗುರುತು ಸಿಕ್ಕಿಲ್ಲ. ಅಲ್ಲಿಂದ ಒಂದು ಗೆರೆ ನಾನು ಕಂಡಿರದ ಇನ್ನೊಂದು ಚೌಕಕ್ಕೆ ಹೋಗಿತ್ತು. ಗೊತ್ತಾಗದ ಕಾಗದ ಯಾವುದೇ ಇರಲಿ, ಈ ಹೆಸರಿಗೆ ಹಾಕು ಎಂದು ಬರೆದಿತ್ತು. ಹೆಸರು ನನ್ನದು.

ಮಂಗಳವಾರದಿಂದ ಅದು ನನ್ನ ಪಟ್ಟಿಯಲ್ಲೇ ಬಿದ್ದಿತ್ತು.

ಕಾಕೂ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಮಾಲಕರ ಕಡೆ ತಿರುಗಿ, "ತಪ್ಪ ನಂದ ಐತ್ರಿ ಸರ. ಜೋಡಸೂವಾಗ ಒಂದ ಗೆರಿ ಸರಿ ಹಾಕಿಲ್ಲ" ಎಂದರು. ಪರದೆ ಮುಚ್ಚಿದರು. "ಇನ್ನ ಹೊತ್ತೈತಿ. ತಂಗೀ, ಇದನ್ನ ಓದವರು ಯಾರರೆ ನಿನಗ ಗೊತ್ತದಾರೇನ?"

ದೊಡ್ಡ ಪ್ರಿಂಟ್ ತೆಗೆದುಕೊಂಡು ಇಬ್ಬರೂ ಖಾನಾಪುರದ ಬಸ್ಸು ಹತ್ತಿದೆವು. ಪಟ್ಟಿ ಯಾಕೆ ನೋಡಲಿಲ್ಲ ಎಂದು ಅವರು ಕೇಳಿದರೆ ಹೇಳಲು ಒಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಕೇಳಲಿಲ್ಲ. ಪೀರನವಾಡಿ ದಾಟುವಾಗ, ಸುಮ್ಮನೆ ಕೂತಿರಲಾರದೆ ಮೊಬೈಲು ತೆಗೆದು ಆ ಪಟ್ಟಿಯನ್ನು ತೆರೆದೆ. ನನ್ನ ಹೆಸರಿಗೆ ಹನ್ನೊಂದು ಕಾರ್ಡು ಇದ್ದವು. ಹತ್ತಕ್ಕೆ ಮುಗಿದ ಗುರುತು, ಮುಗಿಸಿದವರು ಕಾಕೂ. ನಾನು ನೋಡುತ್ತಿಲ್ಲ ಎಂದು ತಿಳಿದು ತಾವೇ ಒಂದೊಂದಾಗಿ ಬಗೆಹರಿಸಿದ್ದರು. ನನ್ನ ಕೇಳಬ್ಯಾಡ್ರಿ ಎಂದಿದ್ದೆನಲ್ಲ, ಹನ್ನೊಂದನೆಯದರ ಕೆಳಗೆ ಮೂರು ದಿನ ಬರೆದಿದ್ದರು. ಬುಧವಾರ, "ಇದು ಮೋಡಿ ಇರಬೇಕು ತಂಗಿ, ನನಗ ಓದಾಕ ಬರೂದಿಲ್ಲ." ಗುರುವಾರ, "ಬಿಡುವಾದಾಗ ನೋಡು." ಶುಕ್ರವಾರ, "ಇದು ನಿನ್ನ ಬಿಟ್ಟರ ಈ ಆಫೀಸಿನ್ಯಾಗ ಯಾರಿಗೂ ಆಗೂದಿಲ್ಲ."

ಈ ಮಾತನ್ನು ಯಾರಾದರೂ ಅನ್ನಲಿ ಎಂದು ಎರಡು ತಿಂಗಳಿಂದ ಉರಿದುಕೊಂಡಿದ್ದೆ. ಅದು ಒಂದು ದಿನದಿಂದ ನನ್ನ ಪರ್ಸಿನಲ್ಲೇ ಇತ್ತು.

ಮಾಸ್ತರರು ಭೂತಗನ್ನಡಿ ಹಿಡಿದು ಓದಿದರು, ಕಾಕೂ ಬರೆದುಕೊಂಡರು, ನಾನು ಕನ್ನಡ ಮಾಡಿದೆ. ಸೋಮವಾರ ಆ ಮಹಿಳೆಯ ಕಾಗದ ಕೋರ್ಟಿಗೆ ಮುಟ್ಟಿತು.

ಆ ವಾರವೇ ಕಾಕೂ ಅವರ ಮೂರು ತಿಂಗಳು ಮುಗಿಯಿತು. ಮಾಲಕರು ನನ್ನೆದುರೇ ಹೇಳಿದರು. "ಇನ್ನೊಂದ ಮೂರ ತಿಂಗಳ ನೋಡೂಣ್ರಿ ಕಾಕೂ. ಇಂಥಾ ತಪ್ಪಾದ ಮ್ಯಾಲೆ ಒಮ್ಮಿಗೇ ಕಾಯಂ ಮಾಡಾಕ ಬರೂದಿಲ್ಲ." ತಪ್ಪು ಅವರದಲ್ಲ ಎನ್ನಲು ನನಗೆ ಎರಡು ಮಾತು ಸಾಕಿತ್ತು. ಬಾಯಿ ತೆರೆದೆ, "ಚಹಾ ತರಸ್ಲೇನ್ರಿ ಸರ?" ಎಂದೆ. ಕಾಕೂ "ಆತ್ರಿ" ಎಂದು ಎದ್ದು ತಮ್ಮ ಕುರ್ಚಿಗೆ ಹೋದರು.

ಮರುದಿನ ಅವರು ಊಟಕ್ಕೆ ಎದ್ದಾಗ ಅವರ ಕಂಪ್ಯೂಟರಿನಲ್ಲಿ ಆ ಚೌಕಗಳನ್ನು ತೆರೆದು ನೋಡಿದೆ. ನನ್ನ ಹೆಸರು ಕಿತ್ತು ಹಾಕಿರುತ್ತಾರೆ ಎಂದುಕೊಂಡಿದ್ದೆ. ನಾನಾಗಿದ್ದರೆ ಅದೇ ಮಾಡುತ್ತಿದ್ದೆ. ಕೊನೆಯ ಗೆರೆ ನನ್ನ ಹೆಸರಿಗೇ ಹೋಗುತ್ತಿತ್ತು. ಅಳಿಸಿದ್ದರೆ ನಾಲ್ಕು ದಿನ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ. ಅಷ್ಟನ್ನೂ ಅವರು ನನಗೆ ಬಿಡಲಿಲ್ಲ.