ಎಚ್ಚರಿಕೆಯ ಬಾಯಿ ಮುಚ್ಚಿಸುವ ಕಲೆ

ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಹಳದಿ ಎಚ್ಚರಿಕೆಯಷ್ಟು ಉಪೇಕ್ಷೆಗೆ ಪಾತ್ರವಾದ ಸಾಹಿತ್ಯ ಇನ್ನೊಂದಿರಲಾರದು. ಜಮಖಂಡಿಯ ನಮ್ಮ ಪುಟ್ಟ ಕಚೇರಿಯಲ್ಲಿ, ಹೊಲದ ಪಂಪನ್ನು ಮೊಬೈಲಿನಿಂದ ನಡೆಸುವ ಪೆಟ್ಟಿಗೆಗಾಗಿ ಸಿ ಭಾಷೆಯಲ್ಲಿ ಕೋಡ್ ಬರೆಯುತ್ತಾರೆ. ಅದನ್ನು ಓದಿ ಒಪ್ಪಿಗೆ ಕೊಡುವುದು ನನ್ನ ಉದ್ಯೋಗ. ನನಗಿಂತ ಮೊದಲು ಅದನ್ನು ತಪಾಸಣೆಯ ತಂತ್ರಾಂಶವೊಂದು ಓದುತ್ತದೆ. ಸಾರಿನ ರುಚಿ ನೋಡದೆ, ಬರೀ ಬಣ್ಣ ನೋಡಿಯೇ ಉಪ್ಪು ಹೆಚ್ಚಾಗಿದೆ ಎನ್ನುವ ಅತ್ತೆಯಂತೆ, ಅದು ಕೋಡನ್ನು ಓಡಿಸದೆಯೇ ಸಂಶಯಪಡುತ್ತದೆ. ಬಹುಪಾಲು ಸಂಶಯಗಳಲ್ಲಿ ಹುರುಳಿಲ್ಲದ್ದರಿಂದ, ಹುರುಳಿರುವುದರ ಬಾಯನ್ನೂ ಮುಚ್ಚಿಸುವ ಚಪಲ ನಮಗೆಲ್ಲ ಉಂಟು.

ಮೊನ್ನೆ ಅದು ಬಾವಿಯ ಸ್ಥಿತಿಯನ್ನು ತುಂಬಿಡುವ 'ನೀರು' ಎಂಬ ವೇರಿಯಬಲ್ಲಿನ ಮೇಲೆ ಬೆರಳಿಟ್ಟಿತು: ಕೋಡು ಓಡುವಾಗ ಇದಕ್ಕೆ ಬೆಲೆಯೇ ಸಿಗದಿರುವ ಒಂದು ದಾರಿಯಿದೆ. ಬರೆದವಳು ಹಿಪ್ಪರಗಿಯ ಸವಿತಾ, ಚುರುಕಿನ ಹುಡುಗಿ. ಎಚ್ಚರಿಕೆ ಕಂಡವಳೇ ಕೋಡಿನ ಆರಂಭದಲ್ಲೇ ಅದಕ್ಕೆ 'ಒಂದು' ಎಂದು ತುಂಬಿದಳು. ಒಂದೆಂದರೆ ಬಾವಿಯಲ್ಲಿ ನೀರಿದೆ, ಪಂಪು ನಡೆಯಲಿ. ಎಚ್ಚರಿಕೆ ಮಾಯವಾಯಿತು. ನಾನು ಒಪ್ಪಿಗೆ ಕೊಡುವವನೇ ಇದ್ದೆ. ಆದರೆ ಮೊದಲ ಪೆಟ್ಟಿಗೆ ಕೂರುವುದು ಬೀಳಗಿಯ ನನ್ನ ಸೋದರಮಾವನ ಬಾವಿಗೆ. ನೀರಿಲ್ಲದೆ ತಿರುಗಿದರೆ ಅವನ ಹೊಸ ಮೋಟಾರು ಸುಟ್ಟುಹೋದೀತು ಎಂದು ಭಯವಾಯಿತು.

"ಒಂದ ಯಾಕವಾ?" ಎಂದೆ.

"ಬಾವ್ಯಾಗ ನೀರ ಇದ್ದ ಇರತೈತಲ್ರಿ ಸರ್!"

ಕೃಷ್ಣೆಯ ದಂಡೆಯಲ್ಲಿ, ಬ್ಯಾರೇಜಿನ ಹಿನ್ನೀರು ನೋಡುತ್ತ ಬೆಳೆದವಳಿಗೆ ಅದು ಊಹೆಯಲ್ಲ, ಕಣ್ಣಾರೆ ಕಂಡದ್ದು. ನಾನಾದರೋ ಬಾವಿ ಬತ್ತುವುದನ್ನು ಕಂಡ ಬೀಳಗಿಯ ಕಡೆಯವನು. ಮಹಾಜಾಣನಂತೆ 'ಸೊನ್ನೆ' ಎಂದು ತಿದ್ದಿದೆ: ನೀರಿಲ್ಲ, ಪಂಪು ನಿಲ್ಲಲಿ. ಆಗಲೂ ಎಚ್ಚರಿಕೆ ಬರಲಿಲ್ಲ.

"ಹಂಗಾದ್ರ ನಮ್ಮಪ್ಪನ ಕಬ್ಬ ಒಣಗಿ ಹೊಕ್ಕಾವ್ರಿ" ಎಂದು ಸವಿತಾ ನಕ್ಕಳು.

ಇಬ್ಬರೂ ನಮ್ಮ ನಮ್ಮ ಊರನ್ನೇ ಕೋಡಿಗೆ ತುಂಬಿದ್ದೆವು, ನೋಡಿ. ತಂತ್ರಾಂಶ ಕೇಳಿದ್ದು ಬೇರೆಯೇ: ನೀರು ಅಳೆಯುವ ತಂತಿ ಉತ್ತರವನ್ನೇ ಕೊಡದಿದ್ದರೆ ಏನು ಗತಿ? ಕುತೂಹಲದಿಂದ ಆ ದಾರಿಯನ್ನು ಸಾಲುಸಾಲಾಗಿ ಹಿಡಿದು ಹೋದೆವು. ಕೊನೆಗೆ ಮೂರನೆಯ ಬೆಲೆಯೊಂದನ್ನು ಸೇರಿಸಿದೆವು: ಗೊತ್ತಿಲ್ಲ. ಆಗ ಪಂಪು ನಿಂತು, ಮಾಲೀಕನ ಮೊಬೈಲಿಗೆ ಹಾಗೆಂದೇ ಸಂದೇಶ ಹೋಗುತ್ತದೆ.

ಪೆಟ್ಟಿಗೆ ಕೂತ ಕೆಲವೇ ದಿನಗಳಲ್ಲಿ ಮಾವನ ಫೋನು ಬಂತು.

"ಏನಲೇ, ನಿನ್ನ ಡಬ್ಬಿ 'ಗೊತ್ತಿಲ್ಲ' ಅಂತೈತಿ! ಇಷ್ಟ ಓದಿ ಇದನ್ನ ಕಲಿಸಿದೇನು?"

ಬೈಯುತ್ತಲೇ ಹೊಲಕ್ಕೆ ಹೋಗಿದ್ದನಂತೆ. ಇಲಿ ತಂತಿ ಕಡಿದಿತ್ತು. ಬಾವಿಗೆ ಇಣುಕಿದರೆ ನೀರು ತಳ ಕಂಡಿತ್ತು. ಮೋಟಾರು ಮಾತ್ರ ಮುಟ್ಟಿದರೆ ತಣ್ಣಗಿತ್ತು.

"ಐತಿ ಅಂದಿದ್ರ ಮನ್ಯಾಗ ಮಲಗತಿದ್ನಿ, ಇಲ್ಲ ಅಂದಿದ್ರ ಬೈದು ಸುಮ್ನಿರತಿದ್ನಿ. ಗೊತ್ತಿಲ್ಲ ಅಂತು ನೋಡ, ಅದಕ್ಕ ಎದ್ದ ಬಂದ್ನಿ" ಎಂದ.

ಮರುದಿನ ಕಚೇರಿಯಲ್ಲಿ ಇನ್ನೊಂದು ಹಳದಿ ಎಚ್ಚರಿಕೆ ಮೂಡಿತು. ಸವಿತಾಳನ್ನು ಕರೆದು, ಕುರ್ಚಿ ಹತ್ತಿರ ಎಳೆದುಕೊಂಡು ಓದತೊಡಗಿದೆ.