ನಮ್ಮ ಮದುವೆಯ ಎರಡನೇ ಸಾಕ್ಷಿ

ಮೊನ್ನೆ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕುಳಿತವರ ಹೆಗಲ ಮೇಲೆ ಮಳೆಗೆ ನೆಂದ ಕಂಬಳಿ ಇತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು...

ಕಾಕಾ ನಮ್ಮ ಬಂಧುವೇನಲ್ಲ. ಮಮದಾಪುರದ ಕಡೆಯ ಕುರಿಗಾರರು. ನಮ್ಮ ಪುಟ್ಟ ಪ್ರಾರ್ಥನಾ ಮಂದಿರದ ಹಿಂದಿನ ಬಯಲಲ್ಲಿ ಅವರ ಹಿಂಡು ಮೇಯುತ್ತಿತ್ತು. ನಮ್ಮ ಮದುವೆಗೆ ಎರಡೂ ಮನೆಯವರು ಮುನಿಸಿಕೊಂಡಿದ್ದರಿಂದ ಬಂದವಳು ನನ್ನ ಅಕ್ಕ ಒಬ್ಬಳೇ. ಕುಲಗೋಡದಿಂದ ನಮ್ಮವರ ಗೆಳೆಯ ಬರಬೇಕಿದ್ದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತ್ತು. ನಾವು ಕಥೋಲಿಕರು, ಮದುವೆ ನಡೆಸುವ ಅಧಿಕಾರವಿರುವ ಫಾದರ್ ಎದುರು, ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆ ಹೇಳದಿದ್ದರೆ ಆ ಮದುವೆ ಮದುವೆಯೇ ಅಲ್ಲ. ನನಗೆ ಅಳುವೇ ಬಂತು. ಫಾದರ್ ಹೊರಗೆ ಇಣುಕಿ ಕಾಕಾನನ್ನು ಕರೆದರು.

"ನಾ ನಿಮ್ಮ ಪೈಕಿ ಅಲ್ರಿ," ಎಂದು ಕಾಕಾ ಬಾಗಿಲಲ್ಲೇ ನಿಂತರು.

"ಅದರ ಗೊಡವಿ ಬ್ಯಾಡ್ರಿ. ಇಲ್ಲೇ ನಿಂತು ನೋಡ್ರಿ, ಕೇಳ್ರಿ. ಇವರಿಬ್ಬರೂ ಗಂಡ-ಹೆಂಡ್ತಿ ಆದ್ರು ಅಂತ ತಿಳಿದ್ರ ಸಾಕು," ಎಂದರು ಫಾದರ್.

ಕಾಕಾ ಕಣ್ಣು ಮಿಟುಕಿಸದೆ ನೋಡಿದರು. ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದರು.

ಸಾಕ್ಷಿಯ ಕೆಲಸ ಅಲ್ಲಿಗೆ ಮುಗಿಯಿತೆಂದು ಅವರಿಗೆ ಯಾರೂ ಹೇಳಲಿಲ್ಲ. ಪ್ರತಿ ವರ್ಷ ಅದೇ ದಿನ ಬೆಳಿಗ್ಗೆ ನಮ್ಮ ಮನೆಗೆ ಬಂದು, ಇಬ್ಬರನ್ನೂ ಹೊಸ್ತಿಲಲ್ಲಿ ನಿಲ್ಲಿಸಿ, ಮೊದಲು ನನ್ನ ಮುಖ, ಆಮೇಲೆ ನಮ್ಮವರ ಮುಖ ನೋಡಿ, "ಇಬ್ಬರೂ ಅದೀರಿ" ಎಂದು ಹೊರಟುಬಿಡುತ್ತಿದ್ದರು. ಚಹಾ ಕೂಡ ಮುಟ್ಟುತ್ತಿರಲಿಲ್ಲ. "ಸಾಹೇಬ್ರು ತಪಾಸಣಿಗೆ ಬಂದ್ರು, ನೆಟ್ಟಗ ನಿಂದ್ರು," ಎಂದು ನಮ್ಮವರು ನನ್ನನ್ನು ಚೇಷ್ಟೆ ಮಾಡುತ್ತಿದ್ದರು.

ನಮ್ಮವರು ತೀರಿಕೊಂಡ ವರ್ಷವೂ ಕಾಕಾ ಬಂದರು. "ಅವರು ಹೋದ್ರು, ಕಾಕಾ..." ಎಂದೆ. ಕಾಕಾ ಎಂದಿನಂತೆ ಮೊದಲು ನನ್ನ ಮುಖ ನೋಡಿದರು. ಆಮೇಲೆ ನನ್ನ ಬಲಕ್ಕೆ, ಸರಿಯಾಗಿ ನಮ್ಮವರ ಮುಖವಿರುತ್ತಿದ್ದ ಎತ್ತರಕ್ಕೆ ಕಣ್ಣೆತ್ತಿ, ಪರಿಚಯದವರಿಗೆ ಆಡಿಸುವಂತೆ ತಲೆಯಾಡಿಸಿದರು.

"ಇಬ್ಬರೂ ಅದೀರಿ."

ನನಗೆ ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಆದರೂ ನಿಜ ಹೇಳಬೇಕೆಂದರೆ, ಹೆದರಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು.

ಮೂರು ವರ್ಷ ಹೀಗೇ ನಡೆಯಿತು. ಆ ದಿನ ಒಳ್ಳೆಯ ಸೀರೆ ಉಟ್ಟು, ಬಲಕ್ಕೆ ಜಾಗ ಬಿಟ್ಟು ನಿಲ್ಲುತ್ತಿದ್ದೆ. ನಾಲ್ಕನೆಯ ವರ್ಷ ಕಾಕಾ ಬಹಳ ಹೊತ್ತು ನೋಡಿದರು. ಬಾಗಿಲ ಹಿಂದೆ, ಅಂಗಳದಲ್ಲಿ, ಹುಕ್ಕೇರಿ ರಸ್ತೆಯ ತಿರುವಿನವರೆಗೂ ಕಣ್ಣಾಡಿಸಿದರು.

"ಇವತ್ತ ಒಬ್ಬಾಕೀನ ಅದಿ, ಯವ್ವಾ."

ನಾನು ಮೊದಲೇ ಸಿಡುಕಿ. "ನಿಮ್ಮ ಕಣ್ಣ ಮಂದ ಆಗ್ಯಾವು. ಇನ್ನ ನಮ್ಮನಿಗೆ ಬರಬ್ಯಾಡ್ರಿ!" ಎಂದು ಬಾಗಿಲು ಹಾಕಿಕೊಂಡೆ. ಅವರು ಮತ್ತೆ ಬರಲಿಲ್ಲ. ಆ ಬೇಸಿಗೆಯಲ್ಲೇ ತೀರಿಕೊಂಡರಂತೆ... ನನಗೆ ತಿಳಿದದ್ದು ಮಣ್ಣಾದ ಮೇಲೆ.

ಈಗ ಅಕ್ಕನೂ ಇಲ್ಲ, ಫಾದರೂ ಇಲ್ಲ. ನಾವು ಮದುವೆಯಾದದ್ದನ್ನು ಕಂಡವರು ಒಬ್ಬರೂ ಉಳಿದಿಲ್ಲ. ಈ ವರ್ಷ ಆ ದಿನ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತಾಗ ಪಕ್ಕದಲ್ಲಿ ಏನೋ ಮಿಸುಕಿದಂತಾಯಿತು. ನಮ್ಮವರು ಮರಳಿ ಬಂದಿದ್ದರೋ ಏನೋ... ನೋಡಿ ಹೇಳುವವರನ್ನು ನಾನೇ ಓಡಿಸಿದ್ದೆ.