ಉಜ್ಜಿ ಬೆಳೆಸಿದ ಮೂಳೆ

ಮದ್ದೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಚಿಕ್ಕರಸಿನಕೆರೆಯ ಪುಟ್ಟಮ್ಮ ತಮ್ಮ ಮಗ ಸಿದ್ದರಾಜುವನ್ನು ಕರೆತಂದಾಗ ಅವನ ಬಲಗೈ ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರಿನಿಂದ ಬಿದ್ದು ಮೊಣಕೈಗೆ ಪೆಟ್ಟಾಗಿ ಎರಡು ತಿಂಗಳಾಗಿತ್ತು. ಮೂವತ್ತರ ಗಂಡಸು ಎಡಗೈಲಿ ಚಮಚ ಹಿಡಿದು ಉಣ್ಣುತ್ತಿದ್ದ.

"ದಿನಾ ಎಲ್ಡೊತ್ತು ಎಳ್ಳೆಣ್ಣೆ ಆಕಿ ಉಜ್ಜಿದೀನಿ ಕಣವ್ವ. ಊರಿನ ಎಳೇ ಮಕ್ಳಿಗೆಲ್ಲ ಎಣ್ಣೆನೀರು ಆಕಿದ್ ಕೈ ಇದು," ಎಂದರು ಪುಟ್ಟಮ್ಮ.

ಎಕ್ಸ್‌ರೇ ತೋರಿಸಿ, ಪೆಟ್ಟುಬಿದ್ದ ಮಾಂಸವನ್ನು ಅಷ್ಟು ಬಲವಾಗಿ ಉಜ್ಜಿದರೆ ಅದರೊಳಗೇ ಮೂಳೆ ಬೆಳೆಯುತ್ತದೆ ಎಂದೆ. ಅವರ ಮುಖ ಸಪ್ಪಗಾಯಿತು.

"ಅಂಗಾರೆ ನನ್ ಮಗನ್ ಕೈಯ ನಾನೇ ಕೆಡಿಸಿದ್ನಾ?"

ಅವರಿಗೇ ಒಂದು ಕೆಲಸ ಒಪ್ಪಿಸಿದೆ. "ಇನ್ಮೇಲೆ ಕಾವಲು ನಿಮ್ಮದು. ಯಾರೂ ಉಜ್ಜಬಾರದು, ಎಳೀಬಾರದು. ನೋವಾಗದಷ್ಟು ಅವನೇ ಮಡಚಲಿ."

ಎಂಥ ಕಾವಲು ಅಂತೀರಿ. ಕೈ ನೀವಲು ಬಂದ ಸ್ವಂತ ಅಣ್ಣನನ್ನೇ ಬಾಗಿಲಲ್ಲಿ ತಡೆದು ಕಳಿಸಿದರಂತೆ.

ಐದು ತಿಂಗಳ ನಂತರ ಡಬ್ಬಿಯಲ್ಲಿ ಮುದ್ದೆ, ಉಪ್ಸಾರು ತಂದರು. ಸಿದ್ದರಾಜು ನನ್ನೆದುರೇ ಬಲಗೈಲಿ ಮುದ್ದೆ ಮುರಿದು, ಉಪ್ಸಾರಿಗೆ ಅದ್ದಿ, ಬಾಯಿಗಿಟ್ಟು ಗುಳುಂ ಎಂದು ನುಂಗಿದ. ಖುಷಿಗೆ ದಡಕ್ಕನೆ ಎದ್ದವಳು ಸೊಂಟ ಹಿಡಿದುಕೊಂಡೆ.

"ಮುಟ್ದೇನೇ ವಾಸಿ ಮಾಡ್ದೆ, ನೋಡ್ದಾ," ಎಂದ ಪುಟ್ಟಮ್ಮ ನನ್ನ ಸೊಂಟ ನೋಡಿದರು. "ಅದೇನವ್ವ, ಇಡ್ಕೊಂಡೈತಾ? ಬಾ, ಮನೀಕೊ."

ಸಿದ್ದರಾಜುವನ್ನು ಆಚೆ ಕಳಿಸಿ, ಬಾಗಿಲು ಹಾಕಿ, ಎಣ್ಣೆನೀರಿನ ಆ ಕೈಗೆ ಸೊಂಟ ಉಜ್ಜಲು ಕೊಟ್ಟು ಮಲಗಿದೆ. ಹದಿನೈದು ದಿನ ಸೊಂಟ ತಂಟೆ ಮಾಡಲಿಲ್ಲ. ಇದನ್ನು ನನ್ನ ಪೇಶೆಂಟುಗಳಿಗೆ ಮಾತ್ರ ಹೇಳಬೇಡಿ.